ಸೊನ್ನೆ ಕಾಣದ ಗ್ರಾಫ್

ಅವನು ಏನನ್ನಾದರೂ ಸಹಿಸಿಕೊಂಡಾನು, ಭಾವಮೈದುನನ ಭಾನುವಾರಗಳನ್ನು ಬಿಟ್ಟು. ವಾರವಾರ ಊಟಕ್ಕೆ ಹಾಜರಾಗುತ್ತಿದ್ದ ಆ ಪುಣ್ಯಾತ್ಮ, ಎರಡನೇ ಸಲ ಬಡಿಸಿಕೊಳ್ಳುತ್ತಾ ಮಕ್ಕಳೆದುರೇ ಕೇಳುತ್ತಿದ್ದ: "ಏನ್ ಭಾವ, ಈ ವಾರ ಆಫೀಸಲ್ಲಿ ಯಾವ್ ಚಿತ್ರಕ್ಕೆ ಬಣ್ಣ ತುಂಬಿದ್ರಿ?" ಹೆಂಡತಿ ಬಿದ್ದು ಬಿದ್ದು ನಗುತ್ತಿದ್ದಳು. ತಮ್ಮನಲ್ಲವೇ!

ಬಣ್ಣ ತುಂಬುವುದಂತೆ! ಇಡೀ ಹಾಸಿಗೆ ಕಂಪನಿ ನಡೆಯುತ್ತಿದ್ದುದೇ ಅವನ ಗ್ರಾಫ್‌ಗಳ ಮೇಲೆ. ಮಾಲೀಕರಾದ ಮೇಡಂಗೆ ಅಂಕಿ ತೋರಿಸಿದರೆ ಆಕಳಿಕೆ, ಚಿತ್ರ ತೋರಿಸಿದರೆ ನಿಂತ ನಿಲುವಿನಲ್ಲೇ ತೀರ್ಮಾನ. ಗೆರೆ ಏರಿದರೆ ಬೋನಸ್, ಇಳಿದರೆ ಅಂಗಡಿಗೆ ಬೀಗ. ಬೀಗ ಬಿದ್ದ ಅಂಗಡಿಯ ಮ್ಯಾನೇಜರನ್ನು ದೂರದೂರಿನ ಗೋದಾಮಿಗೆ ಅಟ್ಟುವುದು ವಾಡಿಕೆ. ಭಾವಮೈದುನ ಇದೇ ಕಂಪನಿಯ ಸ್ಟೇಷನ್ ರಸ್ತೆ ಅಂಗಡಿಯ ಮ್ಯಾನೇಜರ್.

ಆ ಅಂಗಡಿಯ ಗ್ರಾಫ್ ಮಾಡಲು ಕೂತಾಗ ಭಾವನಿಗೆ ಉಪಾಯ ಹೊಳೆಯಿತು. ಸುಳ್ಳು ಅಂಕಿ ಹಾಕಲು ಅವನೇನು ಪೆದ್ದನೇ? ಯಾವ ಆಡಿಟರ್ ಬಂದರೂ ತಪ್ಪು ಸಿಗಬಾರದು. ಆ ಅಂಗಡಿಯ ಮಾರಾಟ ನಿಜಕ್ಕೂ ತಗ್ಗಿತ್ತು, ಒಂಚೂರು. ಗ್ರಾಫಿನ ಅಳತೆಯನ್ನು ಸೊನ್ನೆಯಿಂದ ಶುರು ಮಾಡಿದ್ದರೆ ಗೆರೆ ಚಾಪೆಯಂತೆ ಮಟ್ಟಸವಾಗಿ ಮಲಗಿರುತ್ತಿತ್ತು. ಅವನು ಗ್ರಾಫಿನ ಕೆಳಭಾಗವನ್ನೆಲ್ಲ ಕತ್ತರಿಸಿ, ಇಳಿದ ಆ ಚೂರನ್ನೇ ಪರದೆ ತುಂಬ ಹಿಗ್ಗಿಸಿದ. ಗೆರೆ ಬಾವಿಗೆ ಬಿದ್ದಂತೆ ಕಂಡಿತು. ಅದಕ್ಕೆ ಕಡುಗೆಂಪು ಬಳಿದ. ನೋಡಿ ಅವನಿಗೇ ಕರುಳು ಚುರುಕ್ಕೆಂದಿತು. ಪಾಪ, ಹುಡುಗ ಎನಿಸಿತು. ಎನಿಸಿದ ಮೇಲೂ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದ.

ಮೀಟಿಂಗಿನಲ್ಲಿ ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯೋ, ಪಾತಾಳಕ್ಕೇ ಇಳಿದಿದೆಯಲ್ರೀ! ಈ ತಿಂಗಳೇ ಮುಚ್ಚಿಬಿಡಿ."

"ಮ್ಯಾನೇಜರನ್ನ ಗೋದಾಮಿಗೆ ಕಳಿಸೋಣ್ವಾ ಮೇಡಂ?" ಎಂದ, ದನಿಯಲ್ಲಿ ಆದಷ್ಟು ದುಃಖ ತುಂಬಿ.

"ಇಷ್ಟು ಬೀಳಿಸಿದೋನನ್ನ ಅಷ್ಟು ದೂರ ಬಿಟ್ರೆ ಗೋದಾಮೂ ಮುಳುಗುತ್ತೆ. ಇಲ್ಲೇ, ನಿಮ್ಮ ಪಕ್ಕ ಕೂರಿಸ್ಕೊಳ್ಳಿ. ಗ್ರಾಫ್ ಓದೋದು ಕಲಿಸಿ."

ಅವನು ತಲೆಯಾಡಿಸಿ ಹೊರಬಂದ. ಆಮೇಲೆ ಯೋಚಿಸಿ ಸಮಾಧಾನ ಮಾಡಿಕೊಂಡ. ಹೋಗಲಿ, ಆಫೀಸಿನಲ್ಲಿ ತಾನು ಮೇಲಧಿಕಾರಿ, ಬಾಲ ಬಿಚ್ಚಿದರೆ ಕತ್ತರಿಸಬಹುದು. ಸಂಜೆಯಾದರೆ ಅವನ ದಾರಿ ಅವನಿಗೆ, ತನ್ನ ದಾರಿ ತನಗೆ.

ತಿಂಗಳ ಕೊನೆಗೆ ಅಂಗಡಿ ಮುಚ್ಚಿತು. ಆ ಸಂಜೆ ಅವನು ಶಿಳ್ಳೆ ಹಾಕುತ್ತಾ ಮನೆಗೆ ಬಂದರೆ ಬಾಗಿಲಲ್ಲಿ ಎರಡು ಸೂಟ್‌ಕೇಸು, ಸುತ್ತಿಟ್ಟ ಹಾಸಿಗೆ. ಹೆಂಡತಿಯ ಮುಖ ಊರಗಲ. "ರೀ, ತಮ್ಮ ಇನ್ಮೇಲೆ ನಮ್ಮನೇಲೇ ಇರ್ತಾನೆ, ನಿಮ್ಮ ರೂಮ್ ಖಾಲಿ ಮಾಡ್ಕೊಟ್ಟಿದೀನಿ. ಇಷ್ಟು ದಿನ ಅವನು ಮಲಗ್ತಿದ್ದಿದ್ದು ಅಂಗಡಿ ಮೇಲಿನ ರೂಮಲ್ಲೇ ಅಲ್ವಾ?"