ಬಾಗಿಲ ಕಡೆಗೆ ತಿರುಗಿದ ಬಾಣ

“ಅಮ್ಮ, ಫೋನು! ಮೂರನೇ ಸಲ!”

ಅಮ್ಮ ಕಂಪ್ಯೂಟರಿನಿಂದ ಕಣ್ಣು ಕೀಳದೆ ಸ್ಪೀಕರ್ ಒತ್ತಿದಳು.

“ಮೇಡಂ, ಬೆಳಿಗ್ಗೆಯಿಂದ ಕೆಲಸ ನಿಲ್ಲಿಸಿ ಕೂತಿದ್ದೀವಿ,” ಎಂದ ಸುರಂಗದ ಎಂಜಿನಿಯರ್. “ನೆಲ ನಡುಗಿದ್ದು ನಮ್ಮ ಹತ್ರಾನಾ, ಬೇರೆ ಕಡೆನಾ? ಒಂದೇ ಮಾತಲ್ಲಿ ಹೇಳಿ.”

“ಬೋಳುಗುಡ್ಡದ ಕೆಳಗೆ. ನಿಮ್ಮಿಂದ ಎಂಟು ಕಿಲೋಮೀಟರ್ ದೂರ.”

“ಸದ್ಯ! ಹಾಗಾದ್ರೆ ಎರಡು ಗಂಟೆಗೆ ಜನರನ್ನ ಒಳಗೆ ಬಿಡ್ತೀವಿ.”

ಆ ಜನರಲ್ಲಿ ಅಪ್ಪನೂ ಒಬ್ಬ. ಸುರಂಗದ ಬಂಡೆಗೆ ಡ್ರಿಲ್ ಹಿಡಿಯುವುದು ಅವನ ಕೆಲಸ. ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತಾಗಿತ್ತು.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ಭೂಕಂಪ ಅಳೆಯುವ ಅಮ್ಮನ ಆಫೀಸಿನಲ್ಲಿ ಲೆಕ್ಕ ಬಿಡಿಸುತ್ತಿದ್ದ ಹುಡುಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಶಟಲ್ ಎಂದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇತ್ತು. ಬ್ಯಾಡ್ಮಿಂಟನ್ ಹುಚ್ಚು ಅಷ್ಟಿತ್ತು.

“ಬೋಳುಗುಡ್ಡ ಅಂತ ಹೇಗೆ ಗೊತ್ತಾಯ್ತಮ್ಮ?”

“ನೋಡು.” ಅಮ್ಮ ತೆರೆಯ ಮೇಲಿನ ಗೀಟು ತೋರಿಸಿದಳು. “ಮೊದಲು ಜೋರಾಗಿ ಓಡೋ ಅಲೆ ಬರುತ್ತೆ. ಅರ್ಧ ಸೆಕೆಂಡ್ ಬಿಟ್ಟು ನಿಧಾನದ್ದು. ಅಂದ್ರೆ ನಿಮ್ಮ ಸ್ಕೂಲಿನ ಸ್ಟೋರ್ ರೂಮಿನಲ್ಲಿಟ್ಟಿರೋ ಯಂತ್ರದಿಂದ ನಾಲ್ಕು ಕಿಲೋಮೀಟರ್. ಗೀಟು ಎಷ್ಟೆತ್ತರ ಎದ್ದಿದೆಯೋ ನಡುಕ ಅಷ್ಟು ದೊಡ್ಡದು. ನಿನ್ನೆಯಿಂದ ನಾಲ್ಕಾಗಿದೆ, ಒಂದಕ್ಕಿಂತ ಒಂದು ದೊಡ್ಡದು.”

“ಯಾವ ಕಡೆ ಅಂತ?”

“ನೆಲವನ್ನ ಮೊದಲು ಯಾವ ಕಡೆಗೆ ತಳ್ಳಿತು ಅಂತ ಯಂತ್ರ ಹೇಳುತ್ತೆ. ಪೆಟ್ಟಿಗೆ ಮೇಲೆ ಕೆಂಪು ಬಾಣ ಇದ್ಯಲ್ಲ, ಅದು ಕಿಟಕಿ ಕಡೆಗೇ, ಉತ್ತರಕ್ಕೇ ಇರಬೇಕು. ಇನ್ನೊಂದು ಯಂತ್ರ ರಿಪೇರಿಗೆ ಹೋಗಿದೆ. ಸದ್ಯಕ್ಕೆ ಇದೇ ಗತಿ.”

ಅಮ್ಮ ಗೀಟುಗಳನ್ನು ಹಿಂದಕ್ಕೆ ಸರಿಸಿ ನಕ್ಕಳು. “ಇದು ನೋಡು, ಗುರುವಾರ ಒಂದೂ ಹತ್ತಕ್ಕೆ! ಸ್ಟೋರ್ ರೂಮಿನಲ್ಲಿ ಯಾವುದೋ ದಡೂತಿ ಇಲಿ ಗುದ್ದಿರ್ಬೇಕು.” ದಾಖಲೆ ಪುಸ್ತಕದಲ್ಲೂ ಅವಳು ಹಾಗೇ ಬರೆದಿದ್ದಳು: ಇಲಿ?

ಶಟಲ್ ಕೈಯ ಪೆನ್ಸಿಲ್ ಅಲ್ಲೇ ನಿಂತಿತು.

ಗುರುವಾರ ಊಟದ ಬಿಡುವಿನಲ್ಲಿ ಶಟಲ್‌ಕಾಕ್ ಸ್ಟೋರ್ ರೂಮಿನೊಳಗೆ ಹಾರಿ ಆ ಪೆಟ್ಟಿಗೆಯ ಹಿಂದೆ ಸಿಕ್ಕಿಬಿದ್ದಿತ್ತು. ಯಂತ್ರ ಮುಟ್ಟಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟವಳು ಇವಳೇ. ಕೊಟ್ಟ ಮಾತು ಮರೆತು ಪೆಟ್ಟಿಗೆಯನ್ನು ಎಳೆದವಳೂ ಇವಳೇ. ಬೆಲ್ ಹೊಡೆಯಿತು, ಹೇಗೋ ತಳ್ಳಿಟ್ಟು ಓಡಿದಳು.

ಬಾಣ ಸರಿಯಾಗೇ ಇಟ್ಟಿರಬಹುದಲ್ಲ?

ಹೇಳಿದರೆ ಅಮ್ಮ ಬೈಯುತ್ತಾಳೆ. ಹೆಡ್‌ಮಿಸ್ ಆಟವನ್ನೇ ನಿಲ್ಲಿಸುತ್ತಾರೆ. ಎಂಜಿನಿಯರ್ ಅಮ್ಮನನ್ನು ನೋಡಿ ನಗುತ್ತಾನೆ. ಶಟಲ್ ಪೆನ್ಸಿಲಿನ ತುದಿ ಕಚ್ಚಿದಳು. ಗಡಿಯಾರ ಒಂದೂ ಮೂವತ್ತೈದು ತೋರಿಸಿತು, ಆಮೇಲೆ ಒಂದೂ ನಲವತ್ತು. ಪುಸ್ತಕದಲ್ಲಿ ಒಂದು ಲೆಕ್ಕವೂ ಮುಂದೆ ಹೋಗಿರಲಿಲ್ಲ.

ಆ ಗುರುವಾರ ಹೊರಗೆ ಓಡುವಾಗ ಅವಳೊಮ್ಮೆ ಹಿಂದೆ ತಿರುಗಿದ್ದಳು. ಕೆಂಪು ಬಾಣ ನೇರವಾಗಿ ಅವಳ ಶೂ ಕಡೆಗಿತ್ತು. ಅವಳು ನಿಂತಿದ್ದದ್ದು ಕಿಟಕಿಯ ಎದುರಿನ ಬಾಗಿಲಲ್ಲಿ.

“ಅಮ್ಮ, ಅದು ಇಲಿ ಅಲ್ಲ.” ಶಟಲ್ ಪೆನ್ಸಿಲ್ ಕೆಳಗಿಟ್ಟಳು. “ನಾನು. ಪೆಟ್ಟಿಗೆ ಎಳೆದೆ. ಬಾಣ ಬಾಗಿಲ ಕಡೆ ಆಯ್ತು.”

ಅಮ್ಮ ತಟ್ಟನೆ ತೆರೆಯ ಮೇಲಿನ ಗೀಟುಗಳತ್ತ ತಿರುಗಿದಳು. ಪೆಟ್ಟಿಗೆ ಹಿಂದುಮುಂದಾಗಿದ್ದರೆ ದಿಕ್ಕೂ ಹಿಂದುಮುಂದು. ಬೋಳುಗುಡ್ಡದ ಎದುರು ದಿಕ್ಕಿಗೆ, ಸ್ಕೂಲಿನಿಂದ ಸರಿಯಾಗಿ ನಾಲ್ಕು ಕಿಲೋಮೀಟರಿಗೆ ಇದ್ದದ್ದು ಸುರಂಗ.

ಅವಳು ಬೈಯಲಿಲ್ಲ. ಫೋನು ಎತ್ತಿಕೊಂಡಳು.

“ಯಾರನ್ನೂ ಒಳಗೆ ಬಿಡಬೇಡಿ. ನಡುಕ ನಿಮ್ಮ ಕೆಳಗೇ ಇರಬಹುದು.”

“ಏನು ಮೇಡಂ, ತಮಾಷೆನಾ? ಈಗ ತಾನೇ ನೀವೇ ಹೇಳಿದ್ರಿ! ಮೊದಲ ತಂಡ ಆಗಲೇ ಹೊರಟಾಯ್ತು.”

“ಹೌದು, ನಾನೇ ಹೇಳಿದ್ದು. ಯಂತ್ರನ ಹೋಗಿ ನೋಡದೆ ಹೇಳಿದ್ದು ನನ್ನ ತಪ್ಪು. ಅವರನ್ನ ವಾಪಸ್ ಕರೀರಿ, ಈಗಲೇ!”

ಲ್ಯಾಪ್‌ಟಾಪು, ದಾಖಲೆ ಪುಸ್ತಕ ಚೀಲಕ್ಕೆ ತುರುಕಿಕೊಂಡು ಇಬ್ಬರೂ ಸ್ಕೂಲಿಗೆ ಓಡಿದರು. ಕಾವಲುಗಾರ ಬೀಗ ತೆಗೆದ. ಬಾಣ ಬಾಗಿಲಿನತ್ತಲೇ ಮುಖ ಮಾಡಿತ್ತು. ಅಮ್ಮ ಫೋಟೋ ತೆಗೆದು, ದಿಕ್ಸೂಚಿ ಇಟ್ಟು ನೋಡಿ, ಗೋಡೆಗೊರಗಿ ಕೂತಳು.

“ಸುರಂಗದ ಕೆಳಗೇ,” ಎಂದಳು.

ಇಬ್ಬರೂ ಅಪ್ಪನ ಫೋನಿಗೆ ಕಾದರು. ಎರಡೂ ಐದಕ್ಕೆ ಬಂತು.

“ಅರ್ಧ ದಾರಿಯಿಂದ ವಾಪಸ್ ಬಂದ್ವಿ ಕಣೇ! ಎಲ್ರೂ ಹೊರಗಿದ್ದೀವಿ. ಎಂಜಿನಿಯರ್ ಮುಖ ಸಿಡಿಲು ಬಡಿದ ಹಾಗಿದೆ. ಏನಾಯ್ತು ಅಲ್ಲಿ?”

“ಮನೆಗೆ ಬಾ, ಹೇಳ್ತೀನಿ,” ಎಂದು ಅಮ್ಮ ಫೋನು ಕೆಳಗಿಟ್ಟಳು. ಶಟಲ್‌ಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನೋಡಿದರೆ ಅಮ್ಮ ದಿಕ್ಸೂಚಿಯನ್ನು ಮತ್ತೆ ಮತ್ತೆ ಇಟ್ಟು ನೋಡುತ್ತಿದ್ದಳು. ಎಂಜಿನಿಯರ್ ಹತ್ತಿರ ‘ನನ್ನ ತಪ್ಪು’ ಎನ್ನುವಾಗ ಅಮ್ಮನಿಗೂ ತನ್ನಷ್ಟೇ ಹೆದರಿಕೆಯಾಗಿತ್ತೇ?

“ಬಾ, ಆ ಕಡೆ ಹಿಡ್ಕೋ,” ಎಂದಳು ಅಮ್ಮ.

ಇಬ್ಬರೂ ಸೇರಿ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ ಬಾಣವನ್ನು ಕಿಟಕಿಯತ್ತ ನಿಲ್ಲಿಸಿದರು. ಲ್ಯಾಪ್‌ಟಾಪಿನಲ್ಲಿ ಎತ್ತರದ ಗೀಟೊಂದು ಎದ್ದಿತು. ಅಮ್ಮ ಪುಸ್ತಕ ತೆಗೆದು ಬರೆದಳು: ಎರಡೂ ಹನ್ನೆರಡು. ನಡುಕವಲ್ಲ, ನಾನು ಮತ್ತು ಮಗಳು.

ಶಟಲ್ ಪೆನ್ನಿಗೆ ಕೈ ಚಾಚಿದಳು. ಹಾಳೆ ಹಿಂದಕ್ಕೆ ಮಗುಚಿ ಗುರುವಾರವನ್ನು ಹುಡುಕಿದಳು. ‘ಇಲಿ?’ ಎಂಬುದನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ ‘ನಾನು’ ಎಂದು ಬರೆದಳು.