ಆಮಾಳ ಪುಸ್ತಕದಲ್ಲೊಂದು ಗೆರೆ

ಕಾರ್ಖಾನೆಯ ಬಸ್ಸು ಫೋಂಡಾ ಬಿಟ್ಟು ಮಾರ್ದೋಳ ದಾಟುವಷ್ಟರಲ್ಲಿ ಸುಮೇಧಾ ಮೂರು ಸಲ ಹಿಂದಿರುಗಿ ನೋಡಿದ್ದಳು. ಮೂರು ಸಲವೂ ಕೇದಾರ ಕೊನೆಯ ಸೀಟಿನಲ್ಲಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆಯಂತೆ ನಿದ್ದೆ! ನಿಜವಾಗಿ ಮಲಗಿದವರ ರೆಪ್ಪೆ ಹಾಗೆ ಅದುರುತ್ತದೆಯೇ?

"ಕುತ್ತಿಗಿ ಉಳಕತೈತಿ ನೋಡು," ಎಂದಳು ಪಕ್ಕದಲ್ಲಿದ್ದ ಗೆಳತಿ ಪದ್ಮಶ್ರೀ.

"ಎಸಿ ಗಾಳಿ ಎಲ್ಲಿಂದ ಬರ್ತೈತಿ ಅಂತ ನೋಡಾಕತ್ತಿದ್ದೆ."

"ಈ ಬಸ್ಸಿಗೆ ಎಸಿ ಯಾವಾಗ ಹಾಕಿಸಿದ್ರು?"

ಸುಮೇಧಾ ಕಿಟಕಿಯತ್ತ ಮುಖ ತಿರುಗಿಸಿದಳು. ಮೇ ತಿಂಗಳ ಸೆಕೆಗೆ ಕುರ್ತಾ ಬೆನ್ನಿಗೆ ಅಂಟಿತ್ತು. ಗೋವೆಯ ಕೊರ್ಲಿಮ್‌ನ ಔಷಧ ಕಾರ್ಖಾನೆಯಲ್ಲಿ ಅವಳದು ಗುಣಮಟ್ಟದ ವಿಭಾಗ, ಕೇದಾರನದು ಮಾತ್ರೆ ತಯಾರಿಸುವ ವಿಭಾಗ. ಅವಳು ಧಾರವಾಡದವಳು, ಅವನು ಬೆಳಗಾವಿಯವನು. ಎರಡು ತಿಂಗಳ ಹಿಂದಿನವರೆಗೆ ಅವನ ಸೀಟು ಅವಳ ಮುಂದಿನದೇ ಆಗಿತ್ತು. ಕೊರ್ಲಿಮ್ ಬರುವ ತನಕ ಹಿಂದಕ್ಕೆ ತಿರುಗಿಕೊಂಡೇ ಮಾತಾಡುತ್ತಿದ್ದ. ಈಗ ದಿನಕ್ಕೊಂದು "ಗುಡ್ ಮಾರ್ನಿಂಗ್ ಮೇಡಂ", ಅಷ್ಟೇ.

ಹಿಮಾಲಯಕ್ಕೆ ಹೋಗಿ ಬಂದವರ ಮನಸ್ಸು ತಣ್ಣಗಾಗುತ್ತದಂತೆ. ಹಾಗೆ ಹೇಳುವವರನ್ನು ಕರೆತಂದು ಸುಮೇಧಾಳ ಎದುರು ಕೂರಿಸಬೇಕು. ಬಂದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಇಸ್ತ್ರಿ ಮಾಡಿದ್ದ ಓಢಣಿಗೇ ಮತ್ತೆ ಇಸ್ತ್ರಿ ಹಾಕುವಳು. ಫ್ರಿಜ್ ಬಾಗಿಲು ತೆಗೆದು, ಯಾಕೆ ತೆಗೆದೆ ಎಂದು ಮರೆತು, ಮತ್ತೆ ಮುಚ್ಚುವಳು.

ಇದೆಲ್ಲ ಶುರುವಾದದ್ದು ಸ್ಟೋರ್ಸ್ ವಿಭಾಗದ ಶಾನವಾಜನಿಂದ. ಮಾರ್ಚಿನಲ್ಲಿ ಅವನು ಕಾರ್ಖಾನೆಯ ಹನ್ನೆರಡು ಜನರನ್ನು ಕಟ್ಟಿಕೊಂಡು ಕುಮಾಊಂ ಬೆಟ್ಟಗಳಿಗೆ ಹೊರಟ. ನಾಲ್ಕೇ ದಿನದ ಚಾರಣ, ಮೊದಲ ಸಲ ಬೆಟ್ಟ ಹತ್ತುವವರಿಗೆಂದೇ ಇದ್ದದ್ದು. "ಮೆಟ್ಟಲಾ ಹತ್ತಾಕ ಬಂದ್ರ ಸಾಕ್ರಿ," ಎಂದು ಧೈರ್ಯ ಹೇಳಿದ್ದ. ಹಾಗಾಗಿ ಹೊರಡುವ ಮುನ್ನ ಒಂದು ತಿಂಗಳು ಪ್ರತಿ ಭಾನುವಾರ ಹಳೇ ಗೋವಾದ ಗುಡ್ಡದ ಮೇಲಿನ ಚರ್ಚಿನ ಮೆಟ್ಟಿಲು ಹತ್ತಿ ಇಳಿದದ್ದಾಯಿತು. ಕೇದಾರ ಮೆಟ್ಟಿಲು ಎಣಿಸುತ್ತಿದ್ದ. ಪ್ರತಿ ಸಲವೂ ಬೇರೆ ಲೆಕ್ಕ.

"ಯಾವುದು ಖರೇ ಎಣಿಕಿ?" ಎಂದು ಅವಳು ಜೋರು ಮಾಡಿದರೆ, "ನೀವು ಪಕ್ಕದಾಗ ಇದ್ರ ಎಣಿಕಿ ತಪ್ಪತೈತ್ರಿ ಮೇಡಂ," ಎಂದು ಅವನು ನೆಲ ನೋಡಿ ನಗುತ್ತಿದ್ದ.

ಬೆಟ್ಟದ ದಾರಿಯಲ್ಲಿ ಕೆಂಪು ಬುರಾಂಶ್ ಹೂ ಉದುರಿ ಬಿದ್ದಿದ್ದವು. ಏರಿನಲ್ಲಿ ಸುಮೇಧಾಳಿಗೆ ಉಸಿರು ಸಿಕ್ಕಿಕೊಂಡಾಗೆಲ್ಲ ಕೇದಾರ ಶೂ ಲೇಸು ಕಟ್ಟಲು ಬಗ್ಗುವನು. ಅವಳು ಸುಧಾರಿಸಿಕೊಂಡ ಮೇಲೆ ಏಳುವನು. ಆರನೆಯ ಸಲ ಅವಳಿಗೆ ಅನುಮಾನ ಬಂದು ಬಗ್ಗಿ ನೋಡಿದಳು. ಅವನ ಶೂಗೆ ಲೇಸೇ ಇರಲಿಲ್ಲ, ಅಂಟಿಸುವ ಪಟ್ಟಿ ಇತ್ತು.

ಉಳಿದುಕೊಂಡದ್ದು ಆಮಾಳ ಮನೆಯಲ್ಲಿ. ಆಮಾ ಅಂದರೆ ಆ ಕಡೆ ಅಜ್ಜಿ. ಕಲ್ಲುಚಪ್ಪಡಿಯ ಮಾಡು, ರಾಗಿ ರೊಟ್ಟಿ, ಹುರುಳಿ ಬೇಳೆಯ ಸಾರು. ಹೊಸ್ತಿಲಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ಆಮಾ ಚಿತ್ತಾರ ಬಿಡಿಸುತ್ತಿದ್ದಳು. ನೋಡಿ ಸುಮೇಧಾಳ ಕೈ ತುರಿಸಿತು. ಪಕ್ಕದಲ್ಲಿ ಕೂತು ಧಾರವಾಡದ ಎಳೆ ರಂಗೋಲಿಯನ್ನೇ ಹಾಕಿದಳು. ಬಟ್ಟಲು ಹಿಡಿದು ನಿಂತವನು ಕೇದಾರ. ಅವಳ ಬೆರಳಿನಿಂದ ಒಂದು ಹನಿ ಅವನ ಮುಂಗೈಗೆ ಸಿಡಿಯಿತು. ಸಂಜೆಯವರೆಗೂ ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಅವಳು ಸಂಜೆಯವರೆಗೂ ಅದನ್ನೇ ಗಮನಿಸಿದಳು.

ಮರುದಿನ ಬೆಳಗ್ಗೆ ಅಂಗಳದಿಂದ ಹಿಮದ ಶಿಖರಗಳೆಲ್ಲ ಸಾಲಾಗಿ ಕಂಡವು. ಮೊದಲು ಗುಲಾಬಿ, ಆಮೇಲೆ ಬಂಗಾರದ ಬಣ್ಣ. ಎಲ್ಲರೂ ಅತ್ತ ಮೊಬೈಲ್ ಹಿಡಿದಿದ್ದರು. ಸುಮೇಧಾ ಒಮ್ಮೆ ಪಕ್ಕಕ್ಕೆ ತಿರುಗಿದಳು. ಕೇದಾರ ಶಿಖರಕ್ಕೆ ಬೆನ್ನು ಹಾಕಿ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದರೂ ಕಣ್ಣು ತಗ್ಗಿಸಲಿಲ್ಲ. ಅವಳೂ ತಗ್ಗಿಸಲಿಲ್ಲ, ಅದೇ ಆಶ್ಚರ್ಯ.

ಅದೇ ದಿನ ಬೆಟ್ಟ ಇಳಿಯುವಾಗ ಅವನು ಎಲ್ಲರಿಗಿಂತ ಮುಂದೆ ನಡೆದ. ಒಮ್ಮೆಯೂ ಲೇಸು ಕಟ್ಟಲಿಲ್ಲ. ಏನಾಯಿತು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ, ಎರಡು ತಿಂಗಳು ಹೀಗೇ ಕಳೆಯಿತು.

ಆ ಗುರುವಾರ ಬಸ್ಸಿಳಿದು ಹೋದ ಮೇಲೆ ಅವಳ ಮೇಜಿಗೆ ಒಂದು ಫೈಲು ಬಂತು. ಕೇದಾರನಿಗೆ ವರ್ಗ. ಹಿಮಾಚಲದ ಬದ್ದಿಯಲ್ಲಿರುವ ಕಾರ್ಖಾನೆಗೆ, ಆರು ತಿಂಗಳ ಮಟ್ಟಿಗೆ. ಶನಿವಾರ ದಾಬೋಲಿಮ್‌ನಿಂದ ವಿಮಾನ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಸ್ವಂತ ಕೋರಿಕೆಯ ಮೇರೆಗೆ'. ಹೋಗುವವರ ದಾಖಲೆಗಳಲ್ಲಿ ಬಾಕಿ ಏನೂ ಉಳಿದಿಲ್ಲ ಎಂದು ಕೊನೆಯ ಸಹಿ ಹಾಕಬೇಕಾದವಳು ಸುಮೇಧಾ.

ಅವಳು ಪೆನ್ನು ತೆಗೆದಳು, ಇಟ್ಟಳು, ಮತ್ತೆ ತೆಗೆದಳು. ಸ್ವಂತ ಕೋರಿಕೆಯಂತೆ! ಇಷ್ಟು ಸೆಕೆಯಲ್ಲಿ ಇಷ್ಟು ಸಿಟ್ಟು ಬಂದರೆ ಮನುಷ್ಯರು ಬದುಕುವುದು ಹೇಗೆ? ಕೊನೆಗೆ ಫೈಲನ್ನು ಡ್ರಾವರಿನಲ್ಲಿ ತುರುಕಿ ಕ್ಯಾಂಟೀನಿಗೆ ಹೋದಳು.

ಅಲ್ಲಿ ಚಾರಣದ ವಾಟ್ಸಾಪ್ ಗುಂಪಿನಲ್ಲಿ ಶಾನವಾಜನ ಮೆಸೇಜು ಬಂದು ಕೂತಿತ್ತು. ಆಮಾಳ ಸೊಸೆ ಒಂದು ಫೋಟೋ ಕಳಿಸಿದ್ದಳಂತೆ. ಅತಿಥಿಗಳು ಅಭಿಪ್ರಾಯ ಬರೆಯುವ ಪುಸ್ತಕದ ಒಂದು ಪುಟ. 'ಯಾರೋ ಏನೋ ಬರೆದು ಹೊಡೆದು ಹಾಕ್ಯಾರ. ಊಟದ ಬಗ್ಗೆ ತಕರಾರೇನೋ ಅಂತ ಆಮಾ ಚಿಂತಿ ಮಾಡಾಕತ್ತಾಳ. ಓದಾಕ ಬರೋರು ಹೇಳ್ರಿ.' ಶಾನವಾಜ ವಾಸ್ಕೋದಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡುವನು, ಮೆಸೇಜನ್ನೂ ಇಂಗ್ಲಿಷ್ ಅಕ್ಷರದಲ್ಲೇ ಒತ್ತುವನು, ಕನ್ನಡ ಲಿಪಿ ಓದಲು ಬರದು. ಗುಂಪಿನಲ್ಲಿ ಉಳಿದ ಗೋವೆಯವರಿಗೆ ಆ ಅಕ್ಷರಗಳು ಜಿಲೇಬಿಯೇ.

ಸುಮೇಧಾ ಫೋಟೋ ದೊಡ್ಡದು ಮಾಡಿದಳು.

ಔಷಧ ಕಾರ್ಖಾನೆಯವರಿಗೆ ಒಂದು ಚಟವಿದೆ. ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಗೀಚುವಂತಿಲ್ಲ. ಕೆಳಗಿನದು ಓದಲು ಬರುವಂತೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಹಿ, ತಾರೀಖು, ಕಾರಣ ಬರೆಯಬೇಕು. ಹನ್ನೆರಡು ವರ್ಷ ಅದನ್ನೇ ಮಾಡಿದ ಕೇದಾರನ ಕೈ, ಹಿಮಾಲಯದಲ್ಲಿದ್ದರೇನು, ಇನ್ನೆಲ್ಲಿದ್ದರೇನು? ತನ್ನ ಮನಸ್ಸನ್ನು ಮುಚ್ಚಿಡಬೇಕೆಂದಿದ್ದವನು ಅಚ್ಚುಕಟ್ಟಾಗಿ ಒಂದೇ ಗೆರೆ ಎಳೆದು, ಸಹಿ ಹಾಕಿ, ತಾರೀಖು ಬರೆದಿದ್ದ. ಗೆರೆಯ ಕೆಳಗೆ ಎಲ್ಲವೂ ಸ್ವಚ್ಛವಾಗಿ ಓದಲು ಬರುತ್ತಿತ್ತು.

'ಇಲ್ಲಿಂದ ಹಿಮಾಲಯ ಚೆನ್ನಾಗಿ ಕಾಣುತ್ತದೆಯಂತೆ. ನಾನು ಸುಮೇಧಾ ಅವರನ್ನು ಮಾತ್ರ ನೋಡಿದೆ. ಮುಂದಿನ ಸಲ ನಾವಿಬ್ಬರೂ ಜೋಡಿಯಾಗಿ ಬರಬೇಕೆಂದು ಆಸೆ.'

ಅದರ ಕೆಳಗೆ, ಗೆರೆಯಿಲ್ಲದೆ: 'ಊಟ, ವಸತಿ ಉತ್ತಮ. ಧನ್ಯವಾದಗಳು.'

ಅನ್ನ ಕಲಸಿದ ಕೈ ಹಾಗೇ ನಿಂತಿತು. ಎದುರಿಗೆ ಕೂತಿದ್ದ, ಚಾರಣಕ್ಕೂ ಜೊತೆ ಬಂದಿದ್ದ ಪದ್ಮಶ್ರೀ ಮೊಬೈಲ್ ಎಳೆದುಕೊಂಡು ಓದಿದಳು, ಮುಖ ಸಪ್ಪಗೆ ಮಾಡಿದಳು.

"ಸುಮೇಧಾ, ಒಂದು ಮಾತು. ಆಮಾನ ಮನಿ ಬಿಡೋ ದಿನ ಬೆಳಿಗ್ಗೆ ಅಂವಾ ಆ ಪುಸ್ತಕ ತೊಗೊಂಡು ಕುಂತಿದ್ದ. ನಾನು ಸುಮ್ನ ಮಾತಿಗೆ ಹೇಳಿದೆ, ಯುಗಾದಿಗೆ ಹುಬ್ಬಳ್ಳಿ ಕಡೆಯವರು ನಿನ್ನ ನೋಡಾಕ ಬರ್ತಾರಂತ."

"ಬಂದಿದ್ರು. ನಾನು ಒಲ್ಲೆ ಅಂದೆ. ಅದನ್ನ ಹೇಳಿದಿ?"

"ಅಂವಾ ಕೇಳಲೇ ಇಲ್ಲಲ್ಲ."

ಶಾನವಾಜ ಮತ್ತೆ ಕೇಳಿದ್ದ: 'ಸುಮೇಧಾ ಮೇಡಂ, ಏನ್ ಬರದಾರ್ರಿ?' ಅವಳು ಎಡಗೈಯಲ್ಲಿ ಒತ್ತಿದಳು: 'ನಾಳೆ ಹೇಳತೇನಿ.'

ಶುಕ್ರವಾರ ಮಧ್ಯಾಹ್ನ ಕೇದಾರನನ್ನು ತನ್ನ ಕೋಣೆಗೆ ಕರೆಸಿದಳು. ಅವನು ಬಂದ. ಬೆಳಗ್ಗಿನಿಂದ ಹಾಕಿದ್ದ ಟೊಪ್ಪಿಗೆಯ ಗೆರೆ ಹಣೆಯ ಮೇಲೆ ಇನ್ನೂ ಇತ್ತು. ಫೋಟೋ ನೋಡಿದ್ದಾನೆಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು, ಗೋಡೆಯ ಕ್ಯಾಲೆಂಡರಿಗೆ ನಮಸ್ಕಾರ ಮಾಡುವವನಂತೆ ನಿಂತ.

"ಕೂಡ್ರಿ. ನಿಮ್ಮ ಫೈಲಿಗೆ ಸಹಿ ಮಾಡಾಕ ಬರಂಗಿಲ್ಲ. ಒಂದು ದಾಖಲೆ ಬಾಕಿ ಐತಿ."

"ಎಲ್ಲಾ ಮುಗಿಸೇನಿ, ಮೇಡಂ."

ಅವಳು ಆ ಪುಟದ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟಳು. ಅವನ ಕಿವಿ ಕೆಂಪಾಯಿತು.

"ಗೆರಿ ಒಂದೇ ಐತಿ, ಸರಿ. ಸಹಿ ಐತಿ, ತಾರೀಖು ಐತಿ. ಕಾರಣ ಎಲ್ಲೈತ್ರಿ?"

ಕೇದಾರ ಪ್ರಿಂಟನ್ನು ತನ್ನತ್ತ ತಿರುಗಿಸಿಕೊಂಡು ಗೆರೆಯ ಮೇಲೆ ಬೆರಳಾಡಿಸಿದ. ಅವಳ ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಅವನಿಗೆ ಕೇಳಿಸೀತೆಂದು ಫ್ಯಾನ್ ಜೋರು ಮಾಡಿದಳು.

"ನಿಮ್ಮ ಲಗ್ನ ಗೊತ್ತಾಗೇತಿ ಅಂತ ತಿಳಕೊಂಡೆ. ದಿನಾ ಬಸ್ಸಿನ್ಯಾಗ ನಿಮ್ಮನ್ನ ನೋಡೋದು ಆಗವಲ್ದಾತು. ಅದಕ್ಕ ಬದ್ದಿ ಕೇಳಿದೆ."

"ನನ್ನ ಕೇಳಬೇಕಾಗಿತ್ತು."

"ಹೆದರಿಕಿ ಆತ್ರಿ."

"ಹುಬ್ಬಳ್ಳಿಯಿಂದ ಬಂದಾಂವಾ ಹಿಮಾಲಯದಾಗ ಏನೇನ್ ನೋಡಿದ್ರಿ ಅಂತ ಕೇಳಿದ. ನಂಗ ಒಂದು ಶಿಖರದ ಹೆಸರೂ ನೆನಪಾಗಲಿಲ್ಲ. ಲೇಸಿಲ್ಲದ ಶೂ ಒಂದೇ ನೆನಪಾತು. ಅವತ್ತ ಸಂಜಿಗೆ ಅವ್ವಗ ಒಲ್ಲೆ ಅಂದೆ." ಅವಳು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. "ಎರಡು ತಿಂಗಳಾತು, ಒಂದು ಕಡೆ ಕುಂಡ್ರಾಕ ಆಗವಲ್ದು ನಂಗ. ನೀವು ನೋಡಿದ್ರ ಬಸ್ಸಿನ್ಯಾಗ ಸುಳ್ಳ ನಿದ್ದಿ ಮಾಡತೀರಿ."

ಅವನು ತಲೆ ಎತ್ತಿ ನೋಡಿದ. ಆಮಾಳ ಅಂಗಳದಲ್ಲಿ ನೋಡಿದಂತೆಯೇ, ಕಣ್ಣು ತಗ್ಗಿಸದೆ. ಆಮೇಲೆ ಪೆನ್ನು ತೆಗೆದು ಗೆರೆಯ ಪಕ್ಕದಲ್ಲಿ 'ಕಾರಣ: ಕೇಳಲಿಕ್ಕೆ ಹೆದರಿದೆ' ಎಂದು ಬರೆದ. ಕೆಳಗೆ, ಹೊಡೆದು ಹಾಕಿದ್ದ ಮೂರೂ ಸಾಲನ್ನು ಒಂದಕ್ಷರ ಬಿಡದೆ ಮತ್ತೆ ಬರೆದ.

"ನೀವಂದ್ರ ನಂಗ ಭಾಳ ಇಷ್ಟ, ಸುಮೇಧಾ. ಇದನ್ನ ಬಾಯಿಲೆ ಹೇಳಬೇಕಿತ್ತು." ಮೇಡಂ ಅನ್ನುವುದನ್ನು ಅವನು ಮರೆತಿದ್ದ.

"ಹೇಳಿದ್ರಲ್ಲ ಈಗ." ಅವಳು ಕಣ್ಣೊರೆಸಿಕೊಂಡು ಕಾಗದ ಎಳೆದುಕೊಂಡಳು. "ಆದ್ರ ಇದು ನಡಿಯಂಗಿಲ್ಲ."

"ಯಾಕ?"

"ಇದು ಫೋಟೋದ ಪ್ರಿಂಟ್. ತಿದ್ದುಪಡಿ ಮೂಲ ಪುಸ್ತಕದಾಗ ಆಗಬೇಕು. ನಿಯಮ ನಿಮಗ ಗೊತ್ತಿಲ್ಲೇನು?"

"ಮೂಲ ಪುಸ್ತಕ ಆಮಾನ ಮನ್ಯಾಗೈತಿ."

"ಅಕ್ಟೋಬರ್‌ನ್ಯಾಗ ಮಳಿ ಮುಗದಿರತೈತಿ. ಶಿಖರ ಚಲೋ ಕಾಣತಾವಂತ."

"ಶಿಖರ ಯಾರ ನೋಡತಾರ," ಎಂದ ಕೇದಾರ. ಅವಳಿಗೆ ನಗು ಬಂತು, ಅಳುವೂ ಬಂತು.

"ಅದಕ್ಕೂ ಮೊದಲ ಒಂದ ಸಲ ಧಾರವಾಡಕ್ಕ ಬರ್ರಿ. ಜೋಡಿಯಾಗಿ ಹೋಗಬೇಕಂದ್ರ ನಮ್ಮ ಅಪ್ಪಂದೂ ಸಹಿ ಬೇಕು."

ಡ್ರಾವರಿನಿಂದ ಅವನ ಫೈಲು ತೆಗೆದಳು. ಶನಿವಾರದ ವಿಮಾನ ಶನಿವಾರವೇ ಹೊರಡುವುದು, ಬದ್ದಿ ಹತ್ತಿರ ಬರುವುದಿಲ್ಲ. ಆದರೂ ಈ ಸಲ ತೆಗೆದ ಪೆನ್ನನ್ನು ಕೆಳಗಿಡಲಿಲ್ಲ. ಸಹಿ ಮಾಡಿದಳು, ತಾರೀಖು ಬರೆದಳು. 'ಬಾಕಿ: ಒಂದು' ಎಂದು ಸೇರಿಸಿದಳು.

ಸಂಜೆ ಬಸ್ಸಿನಲ್ಲಿ ಪದ್ಮಶ್ರೀ ತಾನಾಗಿಯೇ ಹೋಗಿ ಕೊನೆಯ ಸೀಟಿನಲ್ಲಿ ಕೂತಳು. ಬಾಣಸ್ತಾರಿ ಸೇತುವೆಯ ಮೇಲೆ ಗಾಳಿ ಬೀಸಿತು. ಪಕ್ಕದಲ್ಲಿ ಕೂತ ಕೇದಾರನ ಭುಜ ತಾಗುವಂತೆ ಮೊಬೈಲ್ ಹಿಡಿದು, ಅವನಿಗೂ ಕಾಣುವಂತೆ ಸುಮೇಧಾ ಗುಂಪಿಗೆ ಬರೆದಳು:

'ಆಮಾಗ ಹೇಳ್ರಿ, ಅದು ತಕರಾರಲ್ಲ. ಅಕ್ಟೋಬರಿಗೆ ಒಂದು ಖೋಲಿ ಹಿಡಿದಿಡಾಕ ಹೇಳ್ರಿ.'

ಶಾನವಾಜನ ಉತ್ತರ ತಕ್ಷಣ ಬಂತು: 'ಒಂದ ಖೋಲಿ? ಎಷ್ಟ ಮಂದಿಗ್ರಿ?'

ಅವಳು ಮೊಬೈಲನ್ನು ಕೇದಾರನ ಕೈಗಿತ್ತಳು. ಅವನು ಹೆದರದೆ ಬರೆದ: 'ಇಬ್ಬರಿಗೆ.'