ಸ್ಪಿರಿಟಿನ ವಾಸನೆ

“ಕುಡದ ಬಂದೀರೇನ್ರಿ?”

ಚಹಾ ಕೊಡಲು ಬಾಗಿದ್ದ ಮಯೂರಿಯ ಪ್ರಶ್ನೆಗೆ ಪಡಸಾಲೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು!

ತುಕ್ಕಾನಟ್ಟಿಗೆ ಅವಳನ್ನು ನೋಡಲು ಬಂದಿದ್ದ ಸಾಗರನ ಮುಖ ಕೆಂಪಗಾಯಿತು. ಯಮಕನಮರಡಿಯಲ್ಲಿ ಲಾರಿ ಆಫೀಸು ನಡೆಸುವ ಹುಡುಗ. ಉಸಿರಲ್ಲಿ ಸ್ಪಿರಿಟಿನ ವಾಸನೆ ಇದ್ದದ್ದು ಖರೆ. ಎದ್ದು ಕೈಮುಗಿದು ಹೊರಟೇಹೋದ.

‘ಎಷ್ಟು ಒಳ್ಳೆಯ ಕಣ್ಣು... ಹಾಳು ಚಟ!’

ಅಪ್ಪನ ಕುಡಿತ ನೋಡಿ ಬೆಳೆದವಳು ಮಯೂರಿ. ಬೇಡ ಎಂದರೆ ಬೇಡ. ಆದರೆ ಆ ಕಣ್ಣು ಮಾತ್ರ ಮನಸ್ಸು ಬಿಟ್ಟು ಹೋಗಲೊಲ್ಲದು, ಏನು ಮಾಡುತ್ತಾಳೆ ಪಾಪ!

ಮುಂದಿನ ವಾರ ಹುಕ್ಕೇರಿಯ ಸಂತೆ. ಫಾರ್ಮಸಿ ಓದಿದ ಮಯೂರಿ ಕೆಲಸ ಮಾಡುವ ಔಷಧಿ ಅಂಗಡಿಯ ಮುಂದೆಯೇ ಮೆಣಸಿನಕಾಯಿ ಚೀಲ ಒಡೆದು ಘಾಟು ಎದ್ದಿತು. ಆ ಘಾಟಿನೊಳಗಿಂದ ತೂರಾಡುತ್ತ ಬಂದವನು... ಸಾಗರ!

‘ಹಾಡಹಗಲೇ?’ ಅವಳಿಗೆ ಸಿಟ್ಟು ನೆತ್ತಿಗೇರಿತು.

ಆದರೆ ಅವನ ತುಟಿ ನೀಲಿಯಾಗಿತ್ತು. ಉಬ್ಬಸಕ್ಕೆ ಎದೆ ಸಿಳ್ಳೆ ಹೊಡೆಯುತ್ತಿತ್ತು. ಕಿಸೆಯಿಂದ ಇನ್ಹೇಲರ್ ತೆಗೆದು ಬಾಯೊಳಗೆ ಹೊಡೆದುಕೊಂಡ. ಉಸಿರು ಹಗುರಾಗಲಿಲ್ಲ, ವಾಸನೆ ಮಾತ್ರ ಬಂತು. ಅದೇ ವಾಸನೆ!

‘ಅಯ್ಯೋ... ಓದಿಯೂ ತಿಳಿಯಲಿಲ್ಲವಲ್ಲ ನನಗೆ!’

“ರಾಯಪ್ಪ ಕಾಕಾ, ಆಟೋ ಕರೀರಿ, ದವಾಖಾನಿಗೆ!” ಎಂದು ಮಾಲೀಕನಿಗೆ ಕೂಗಿದಳು. ಪ್ಲಾಸ್ಟಿಕ್ ಬಾಟಲಿಯ ನೀರು ಚೆಲ್ಲಿ, ತಳಕ್ಕೆ ತೂತು ಕೊರೆದು, ಇನ್ಹೇಲರ್ ಸಿಕ್ಕಿಸಿದಳು.

“ಗ್ಯಾಸಿನ ಜೋಡಿ ಔಷಧಿ ಹೊಂದಲಿ ಅಂತ ಇದರಾಗ ಆಲ್ಕೋಹಾಲ್ ಕೂಡಸಿರತಾರ್ರಿ. ಹನಿ ದಪ್ಪ ಆಗಿ ಗಂಟಲದಾಗ ಕುಂತಬಿಡತಾವ. ಬಾಟಲಿಯೊಳಗ ಅದು ಆರತೈತಿ, ಸಣ್ಣ ಹನಿ ಎದಿಗೆ ಇಳೀತಾವ. ಬಾಯಿ ಹಚ್ರಿ... ಸಾವಕಾಶ... ನನ್ನ ನೋಡ್ರಿ!”

ನೋಡಿದ. ಅವಳು ಇನ್ಹೇಲರ್ ಒತ್ತಿದಳು. ಒಂದು ಉಸಿರು... ಇನ್ನೊಂದು... ಏನೂ ಆಗಲಿಲ್ಲ.

‘ದೇವರೇ, ಇವನನ್ನು ಉಳಿಸು!’

ಕಡೆಗೂ ಸಿಳ್ಳೆ ತಗ್ಗಿತು. ತಾನೂ ಉಸಿರು ಬಿಗಿಹಿಡಿದಿದ್ದು ಮಯೂರಿಗೆ ಆಗಲೇ ಗೊತ್ತಾಯಿತು.

“ಅವತ್ತ ಯಾಕ ಹೇಳಲಿಲ್ರಿ?” ಅವಳ ಕಣ್ಣು ತುಂಬಿತ್ತು.

“ದಾರಿ ಧೂಳಿಗೆ ಉಸಿರ ಕಟ್ಟಿ, ನಿಮ್ಮ ಮನಿಯೊಳಗ ಬರೂ ಮುಂದ ಇದನ್ನ ಹೊಡಕೊಂಡಿದ್ನಿ. ಕುಡುಕ ಅಂದ್ರ, ಲಗ್ನ ಆದಮ್ಯಾಲ ಬಿಡತಾನ ಅಂತ ಹೆಣ್ಣ ಕೊಡೋರು ಅದಾರ್ರಿ. ದಮ್ಮು ಐತಿ ಅಂದ್ರ ಯಾರ ಕೊಡತಾರ?”

“ಕುಡುಕನ್ನ ಒಲ್ಲೆ ಅಂದಿದ್ನಿ. ದಮ್ಮಿನವನ್ನ ಒಲ್ಲೆ ಅಂದಿದ್ನೇನು?”

ಹೊರಗೆ ಆಟೋ ಬಂದು ನಿಂತಿತು. ಸಾಗರ ಎದ್ದ, ಬಾಟಲಿಯ ಜೊತೆ ಹಿಡಿದಿದ್ದ ಅವಳ ಕೈ ಮಾತ್ರ ಬಿಡಲಿಲ್ಲ.

“ಮತ್ತ ಬರಲೇನ್ರಿ, ತುಕ್ಕಾನಟ್ಟಿಗೆ?”

ಮಯೂರಿ ಅಳುತ್ತಲೇ ನಕ್ಕಳು.

“ಬರ್ರಿ... ಎಲ್ಲಾರ ಮುಂದ, ಬಾಟಲಿ ಹಿಡಕೊಂಡ ಬರ್ರಿ!”